ಸೀಜ್ ಆದ ಗಾಡಿ, ನೋಟಿಸು ಅಂಟಿಸಿದ ತೋಟ

ಕೊಡಗಿನಲ್ಲಿ ‘ಗಾಡಿ ಸೀಜ್ ಆಯ್ತು’ ಅಂದರೆ ಅದು ನಾಲ್ಕು ಸಂಗತಿಗಳಲ್ಲಿ ಯಾವುದು ಬೇಕಾದರೂ ಆಗಿರಬಹುದು. ಪರ್ಮಿಟ್ ಇಲ್ಲದೆ ಓಡುತ್ತಿದ್ದ ಜೀಪನ್ನು ಆರ್‌ಟಿಒದವರು ನಿಲ್ಲಿಸಿಕೊಂಡದ್ದೂ ಸೀಜ್. ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದ ಪಿಕಪ್ ಠಾಣೆಯ ಮುಂದೆ ನಿಂತದ್ದೂ ಸೀಜ್. ಕೋರ್ಟಿನ ಅಮೀನ ಬಂದು ಜಪ್ತಿ ಮಾಡಿದ್ದೂ ಸೀಜ್. ಕಂತು ಕಟ್ಟಿಲ್ಲವೆಂದು ಫೈನಾನ್ಸಿನವರು ಎತ್ತಿಕೊಂಡು ಹೋದದ್ದೂ ಸೀಜ್. ಬಾಯಿಮಾತಿಗೆ ಇಷ್ಟು ಸಾಕು. ಬಿಡಿಸಿಕೊಳ್ಳಲು ಹೊರಟಾಗ ಮಾತ್ರ ಯಾವ ಬಾಗಿಲು ತಟ್ಟಬೇಕು ಅನ್ನುವುದು ಬೇರೆ ಬೇರೆ. ಆರ್‌ಟಿಒ ಹಿಡಿದದ್ದು ಮೋಟಾರು ವಾಹನ ಕಾಯ್ದೆಯ 207ನೇ ಸೆಕ್ಷನ್‌ನಡಿ. ದಾಖಲೆ ತೋರಿಸಿ, ದಂಡ ಕಟ್ಟಿ, ಅವರಿಂದಲೇ ಬಿಡಿಸಿಕೊಳ್ಳಬೇಕು. ಪೊಲೀಸರು ಕೇಸಿಗಾಗಿ ಹಿಡಿದದ್ದನ್ನು ಮ್ಯಾಜಿಸ್ಟ್ರೇಟ್ ಬಿಡಬೇಕು. ಅಮೀನನ ಹಿಂದೆ ಒಂದು ಡಿಕ್ರಿ ಇರುತ್ತದೆ. ನಾಲ್ಕನೆಯದರ ಹಿಂದೆ ಕೋರ್ಟೂ ಇಲ್ಲ, ಪೊಲೀಸೂ ಇಲ್ಲ. ಸಾಲ ಕೊಡುವ ದಿನವೇ ನೀವು ಸಹಿ ಹಾಕಿಕೊಟ್ಟ ಕರಾರಿನ ಬಲದಲ್ಲಿ, ಸಾಲ ಕೊಟ್ಟವರು ವಸ್ತುವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಸಾಲದ ಕಾಗದಗಳಲ್ಲಿ ಇದಕ್ಕೆ ರಿಪೊಸೆಷನ್ ಎಂದಿರುತ್ತದೆ, ಕನ್ನಡ ನೋಟಿಸುಗಳಲ್ಲಿ ಮರುಸ್ವಾಧೀನ ಅಥವಾ ಬರೀ ಸ್ವಾಧೀನ. ಇಲ್ಲಿ ಹೇಳುತ್ತಿರುವುದು ಇದೊಂದರ ಬಗ್ಗೆ ಮಾತ್ರ, ಮೊದಲು ಗಾಡಿ, ಆಮೇಲೆ ಅಡಮಾನ ಇಟ್ಟ ತೋಟ.

ಗಾಡಿ ಹೋದ ದಿನವೇ ಎಲ್ಲ ಮುಗಿಯಿತು, ಸಾಲವೂ ಅದರೊಟ್ಟಿಗೆ ಹೋಯಿತು ಎಂದು ತಿಳಿದು ಫೋನ್ ಆಫ್ ಮಾಡಿ ಕೂರುವವರು ಬಹಳ. ಸಾಲ ಹೋಗುವುದಿಲ್ಲ. ಸ್ವಾಧೀನ ಅಂದರೆ ವಸೂಲಿಯ ಒಂದು ಹೆಜ್ಜೆ ಅಷ್ಟೇ. ನಿಜವಾಗಿ ದುಡ್ಡು ಕರಗುವುದು ಗಾಡಿ ಯಾರ್ಡಿನಲ್ಲಿ ನಿಂತ ವಾರಗಳಲ್ಲಿ, ಮತ್ತೆ ಹರಾಜಿನ ದಿನ. ಆ ವಾರಗಳಲ್ಲಿ ಸುಮ್ಮನಿದ್ದವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ನಮ್ಮ ಕಡೆ ಕಂತು ತಪ್ಪುವುದಕ್ಕೆ ಸೋಮಾರಿತನಕ್ಕಿಂತ ದೊಡ್ಡ ಕಾರಣ ಹಣ ಬರುವ ಕಾಲ. ಅರೇಬಿಕಾ ಕೊಯ್ಲು ಸುಮಾರಾಗಿ ನವೆಂಬರಿನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಕರಿಮೆಣಸೂ ಹೆಚ್ಚುಕಡಿಮೆ ಅದರ ಬೆನ್ನಿಗೇ. ಮಾಂದಲಪಟ್ಟಿಗೆ ಬಾಡಿಗೆ ಹೊಡೆಯುವ ಜೀಪಿಗೂ ಹೋಂಸ್ಟೇ ಟ್ಯಾಕ್ಸಿಗೂ ಜೂನ್‌ನಿಂದ ಸೆಪ್ಟೆಂಬರಿನ ಮಳೆಯಲ್ಲಿ ದುಡಿಮೆ ಬಿದ್ದುಹೋಗುತ್ತದೆ. 2018ರ ಆಗಸ್ಟಿನಂಥ ವರ್ಷವಾದರೆ ರಸ್ತೆಯೇ ಇರುವುದಿಲ್ಲ. ಕಂತು ಮಾತ್ರ ತಿಂಗಳು ತಿಂಗಳು. ಗಾಡಿ ಸಾಲ ತೆಗೆಯುವಾಗ ಬಡ್ಡಿದರದ ಮೇಲೆ ಅರ್ಧ ಪರ್ಸೆಂಟಿಗೆ ಚೌಕಾಸಿ ಮಾಡುವವರು ಕಂತಿನ ವೇಳಾಪಟ್ಟಿಯನ್ನು ಕೇಳುವುದೇ ಇಲ್ಲ. ಟ್ರ್ಯಾಕ್ಟರ್, ಟಿಲ್ಲರ್ ಸಾಲಕ್ಕೆ ಅರ್ಧ ವರ್ಷಕ್ಕೊಂದು ಕಂತು ಇರುವುದು ಮಾಮೂಲು. ಪಿಕಪ್ಪಿಗೂ ಕಾಫಿ ಹಣ ಬರುವ ತಿಂಗಳುಗಳಲ್ಲಿ ದೊಡ್ಡ ಕಂತು, ಮಳೆಗಾಲದಲ್ಲಿ ಸಣ್ಣ ಕಂತು ಮಾಡಿಕೊಡಿ ಎಂದು ಮೊದಲೇ ಕೇಳಿ. ಕೆಲವರು ಮಾಡಿಕೊಡುತ್ತಾರೆ. ಸಾಲ ಕೈಗೆ ಬಂದ ಮೇಲೆ ಕೇಳಿದರೆ ಅದಕ್ಕೆ ‘ಮರುಹೊಂದಾಣಿಕೆ’ ಎಂಬ ಹೆಸರು ಬಂದು ಸಿಬಿಲ್‌ನಲ್ಲಿ ಗುರುತು ಬೀಳಬಹುದು.

ಸಾಲದ ಕರಾರಿನ ಪ್ರತಿ ನಿಮ್ಮ ಹತ್ತಿರ ಇರಬೇಕು. ಅದನ್ನು ಅಡಕಗಳ ಪ್ರತಿಯೊಂದಿಗೆ ಕೊಡುವುದು ಸಾಲ ಕೊಟ್ಟವರ ಕೆಲಸ. ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ಹಾಕಿಕೊಟ್ಟ ನ್ಯಾಯಯುತ ವ್ಯವಹಾರ ಸಂಹಿತೆಯ ಪ್ರಕಾರ, ಕರಾರಿನಲ್ಲಿ ಸ್ವಾಧೀನದ ಷರತ್ತು ಇರುವುದಾದರೆ ಅದರ ಜೊತೆ ಇನ್ನಷ್ಟು ಸಂಗತಿಗಳೂ ಬರೆದಿರಬೇಕು: ಎಷ್ಟು ದಿನದ ನೋಟಿಸು, ಯಾವ ಸಂದರ್ಭದಲ್ಲಿ ನೋಟಿಸು ಬೇಡ, ಸ್ವಾಧೀನ ತೆಗೆದುಕೊಳ್ಳುವ ಕ್ರಮ, ಮಾರುವ ಮೊದಲು ಹಣ ಕಟ್ಟಲು ಕೊನೆಯ ಅವಕಾಶ, ಕಟ್ಟಿದರೆ ಗಾಡಿ ಹಿಂದಿರುಗಿಸುವ ಕ್ರಮ, ಮಾರಾಟ ಅಥವಾ ಹರಾಜಿನ ಕ್ರಮ. ನೋಟಿಸು ಕೊಡಲೇಬೇಕೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲದಿರುವುದು ಇದಕ್ಕೇ. 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ನೋಟಿಸಿನ ಅಗತ್ಯ ಆ ಕರಾರಿನ ಮಾತಿನ ಮೇಲೆ ನಿಂತಿದೆ. ಆದ್ದರಿಂದ ವಕೀಲರ ಹತ್ತಿರ ಹೋಗುವಾಗ ಎಲ್ಲಕ್ಕಿಂತ ಮೊದಲು ಕೈಯಲ್ಲಿ ಇರಬೇಕಾದ್ದು ಕರಾರು. ಅದಿಲ್ಲದೆ ಹೋದರೆ ಅವರೂ ಅಂದಾಜಿನ ಮೇಲೆ ಮಾತಾಡುತ್ತಾರೆ.

ಕಂತು ತಪ್ಪಿದ ಮೇಲೆ ಲೆಕ್ಕ ಹೀಗೆ ಸಾಗುತ್ತದೆ. ಬಾಕಿ 30 ದಿನದವರೆಗೆ ಎಸ್‌ಎಂಎ-0 (ಎಸ್‌ಎಂಎ ಅಂದರೆ ಕೆಡುವ ಸೂಚನೆ ತೋರಿಸಿದ ಖಾತೆ), 31ರಿಂದ 60 ಎಸ್‌ಎಂಎ-1, 61ರಿಂದ 90 ಎಸ್‌ಎಂಎ-2, 90 ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬೆಳೆ ಸಾಲದ ಅಳತೆ ಬೇರೆ: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಬಾಕಿ ಉಳಿದರೆ ಎನ್‌ಪಿಎ. ನಿಮ್ಮ ತೋಟದ ಸಾಲವನ್ನು ಬೆಳೆ ಸಾಲವೆಂದು ಬರೆದುಕೊಂಡಿದ್ದಾರೋ, ವ್ಯಾಪಾರದ ಓವರ್‌ಡ್ರಾಫ್ಟ್ ಎಂದೋ ಎಂಬುದನ್ನು ಮಂಜೂರಾತಿ ಪತ್ರದಲ್ಲಿ ನೋಡಿಕೊಳ್ಳಿ. ಆ ಒಂದು ಸಾಲಿನ ಮೇಲೆ ಮುಂದೆ ಬಹಳಷ್ಟು ನಿಂತಿರುತ್ತದೆ.

ಈ 90 ದಿನಗಳೇ ಕೈಯಲ್ಲಿರುವ ನಿಜವಾದ ಕಾಲ. ಗಾಡಿ ಉಳಿಸಿಕೊಳ್ಳಲು ಆಗುವುದಿಲ್ಲ ಎಂದು ಗೊತ್ತಾದರೆ ನೀವೇ ಮಾರುವುದು ಒಳ್ಳೆಯದು. ಎಚ್‌ಪಿ (ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರಿನ ನಮೂದು) ಇರುವ ಗಾಡಿ ಮಾರಬಾರದು ಎಂದು ಹೇಳುವವರ ಮಾತು ಅರ್ಧ ಸರಿ. ಸಾಲ ಕೊಟ್ಟವರ ಒಪ್ಪಿಗೆ ಇಲ್ಲದೆ ಮಾರಬಾರದು. ಮೊದಲು ಫೋರ್‌ಕ್ಲೋಶರ್ ಲೆಟರ್ ತೆಗೆಯಿರಿ. ಇಂತಿಷ್ಟು ದಿನದೊಳಗೆ ಇಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಎಂದು ಅದರಲ್ಲಿ ಇರುತ್ತದೆ, ಅವಧಿ ಮುಗಿದರೆ ಅದು ರದ್ದಿ ಕಾಗದ. ಕೊಳ್ಳುವವರು ಆ ಮೊತ್ತವನ್ನು ನೇರ ಸಾಲದ ಖಾತೆಗೆ ಕಟ್ಟಲಿ, ಉಳಿದದ್ದನ್ನು ನಿಮಗೆ ಕೊಡಲಿ. ಫೈನಾನ್ಸಿನವರಿಂದ ಎನ್‌ಒಸಿ ಮತ್ತು ಸಹಿ ಹಾಕಿದ ಫಾರಂ 35 ಬರುತ್ತದೆ, ಅದರಿಂದ ಎಚ್‌ಪಿ ತೆಗೆಸಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಕೆಎ-12 ಗಾಡಿಯಾದರೆ ಇವೆಲ್ಲ ಮಡಿಕೇರಿ ಆರ್‌ಟಿಒ ದಾಖಲೆಯಲ್ಲಿ ಸರಿಯಾಗಬೇಕು. ‘ಕಂತು ನಾನು ಕಟ್ಟಿಕೊಂಡು ಹೋಗುತ್ತೇನೆ, ಹೆಸರು ಆಮೇಲೆ ಮಾಡಿಸೋಣ’ ಎಂಬ ಬಾಯಿಮಾತಿನ ವ್ಯಾಪಾರ ಮಾತ್ರ ಬೇಡವೇ ಬೇಡ. ಅವನು ಕಂತು ಬಿಟ್ಟರೆ ಸಾಲ ನಿಮ್ಮದು, ಅವನು ಅಪಘಾತ ಮಾಡಿದರೆ ಪರಿಹಾರವೂ ನಿಮ್ಮ ತಲೆಗೆ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನು ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಸೀಜರ್‌ಗಳ ವಿಷಯ. ಬಾಕಿ ಇರುವ ಗಾಡಿಗಳ ನಂಬರ್ ಪಟ್ಟಿ ಮೊಬೈಲಿನಲ್ಲಿ ಇಟ್ಟುಕೊಂಡು ಪೆಟ್ರೋಲ್ ಬಂಕ್, ಸಂತೆ, ಟೋಲ್ ಕಡೆ ನಿಲ್ಲುತ್ತಾರೆ. ಇವರಿಗೆ ನಿಯಮಗಳು ಇಲ್ಲದೇ ಇಲ್ಲ. ವಸೂಲಿ ಏಜೆಂಟರಿಗೆ ತರಬೇತಿ, ಗುರುತಿನ ಚೀಟಿ, ಸಾಲ ಕೊಟ್ಟವರ ಅಧಿಕಾರ ಪತ್ರ ಬೇಕು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಹೇಳಿತು. ಬಲ ಪ್ರಯೋಗಿಸಿ ಗಾಡಿ ಕಿತ್ತುಕೊಳ್ಳಲು ಜನ ಬಿಡುವುದನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಖಂಡಿಸಿದೆ. ಏಜೆಂಟ್ ಮಾಡಿದ ತಪ್ಪಿಗೆ ಅವನನ್ನು ಕಳಿಸಿದವರೇ ಹೊಣೆ.

ಆದ್ದರಿಂದ ಅಡ್ಡಗಟ್ಟಿದಾಗ ಕೀ ಕೊಡುವ ಮೊದಲು ಗುರುತಿನ ಚೀಟಿ, ಅಧಿಕಾರ ಪತ್ರ, ನೋಟಿಸಿನ ಪ್ರತಿ ಕೇಳಿ, ಮೂರನ್ನೂ ಫೋಟೋ ತೆಗೆಯಿರಿ. ಅಧಿಕಾರ ಪತ್ರದಲ್ಲಿ ನಿಮ್ಮ ಸಾಲದ ನಂಬರ್, ಗಾಡಿ ನಂಬರ್, ಅವಧಿ ಇದೆಯೇ ನೋಡಿ. ಹೊಡೆಯುವುದು, ಕೀ ಕಿತ್ತುಕೊಳ್ಳುವುದು, ಗಾಡಿಯೊಳಗೆ ಹೆಂಗಸರು ಮಕ್ಕಳಿದ್ದಾಗ ಎಳೆದಾಡುವುದು ನಡೆದರೆ 112ಕ್ಕೆ ಫೋನ್ ಮಾಡಿ. ಪೊಲೀಸರು ಬಂದು ಸಾಲದ ಜಗಳ ತೀರ್ಮಾನ ಮಾಡುವುದಿಲ್ಲ, ಅದು ಅವರ ಕೆಲಸವಲ್ಲ. ಹಲ್ಲೆ ಬೆದರಿಕೆ ಅವರ ಕೆಲಸ. ಫೈನಾನ್ಸಿನವರು ಠಾಣೆಗೆ ಮೊದಲೇ ಮಾಹಿತಿ ಕೊಟ್ಟಿದ್ದೇವೆ ಎನ್ನುತ್ತಾರೆ. ಅದು ಮಾಹಿತಿ ಅಷ್ಟೇ, ಅನುಮತಿ ಅಲ್ಲ. ಈ ಮಾಹಿತಿಯಿಂದ ಇನ್ನೊಂದು ಉಪಯೋಗವಿದೆ: ಮನೆ ಮುಂದೆ ನಿಲ್ಲಿಸಿದ್ದ ಗಾಡಿ ಬೆಳಿಗ್ಗೆ ಕಾಣದಿದ್ದರೆ ಕಳವು ದೂರು ಬರೆಯುವ ಮೊದಲು ಠಾಣೆಯಲ್ಲಿ ಅಂಥ ಪತ್ರ ಬಂದಿದೆಯೇ ಎಂದು ಕೇಳಿ.

ಒಂದು ಕಾಗದದ ವಿಷಯದಲ್ಲಿ ಹುಷಾರಾಗಿರಬೇಕು. ‘ನಾನು ಸ್ವಇಚ್ಛೆಯಿಂದ ಗಾಡಿಯನ್ನು ಒಪ್ಪಿಸಿದ್ದೇನೆ’ ಎಂಬ ಅಚ್ಚು ಹಾಕಿದ ಪತ್ರಕ್ಕೆ ಸಹಿ ಕೇಳುತ್ತಾರೆ. ಸಹಿ ಹಾಕಿದರೆ ಮುಂದೆ ಬಲವಂತವಾಯಿತು, ನೋಟಿಸು ಬರಲಿಲ್ಲ ಎಂದು ಹೇಳುವ ದಾರಿ ಮುಚ್ಚಿದ ಹಾಗೆಯೇ. ನಿಜವಾಗಿಯೂ ನೀವೇ ಒಪ್ಪಿಸುವುದಾದರೆ ಸರಿ, ಆಗಲೂ ‘ಪೂರ್ಣ ಸಾಲ ತೀರುವಳಿಗಾಗಿ’ ಎಂದು ಅವರು ಒಪ್ಪಿ ಬರೆದುಕೊಡದ ಹೊರತು ಉಳಿದ ಬಾಕಿ ನಿಮ್ಮದೇ. ಒಪ್ಪಿಗೆ ಇಲ್ಲದಿದ್ದರೆ ಸಹಿಯ ಪಕ್ಕದಲ್ಲಿ ‘ಪ್ರತಿಭಟನೆಯೊಂದಿಗೆ’ ಎಂದು ಕನ್ನಡದಲ್ಲೇ ಬರೆದು, ದಿನಾಂಕ, ಸಮಯ, ಜಾಗ ಹಾಕಿ.

ದಾಸ್ತಾನು ಪಟ್ಟಿ ಇಲ್ಲದೆ ಗಾಡಿ ಕೊಡಬೇಡಿ. ಯಾರ್ಡ್ ಸೇರಿದ ಮೇಲೆ ‘ಟೈರು ಸವೆದಿತ್ತು, ಬ್ಯಾಟರಿ ಇರಲಿಲ್ಲ’ ಎಂದರೆ ಬೆಲೆ ಅಲ್ಲೇ ಇಳಿಯುತ್ತದೆ. ಓಡೋಮೀಟರ್ ರೀಡಿಂಗ್, ಐದೂ ಟೈರುಗಳ ಕಂಪನಿ ಮತ್ತು ಸೀರಿಯಲ್ ನಂಬರ್, ಬ್ಯಾಟರಿ, ಜಾಕಿ, ಟೂಲ್ಸ್, ಮೇಲಿನ ಕ್ಯಾರಿಯರ್, ಟಾರ್ಪಲ್, ಮ್ಯೂಸಿಕ್ ಸೆಟ್, ಈಗಾಗಲೇ ಇರುವ ಗೀರು ತಗ್ಗು, ಎಲ್ಲ ಪಟ್ಟಿಯಲ್ಲಿ ಬರಲಿ. ಸುತ್ತಲೂ ಒಂದು ವಿಡಿಯೊ ಮಾಡಿ. ಗಾಡಿಯೊಳಗಿನ ಸರಕು ಅಡವು ಇಟ್ಟದ್ದಲ್ಲ. ಹಿಂದೆ ಕಾಫಿ ಮೂಟೆಯೋ ಗೊಬ್ಬರದ ಚೀಲವೋ ಇದ್ದರೆ ಅಲ್ಲೇ ಇಳಿಸಿಕೊಳ್ಳುವ ಹಕ್ಕು ನಿಮಗಿದೆ. ಇಳಿಸಲು ಬಿಡದಿದ್ದರೆ ತೂಕ, ಚೀಲದ ಲೆಕ್ಕ ಪಟ್ಟಿಯಲ್ಲಿ ಬರೆಸಿ ಅದೇ ದಿನ ಇಮೇಲ್ ಕಳಿಸಿ. ಫಾಸ್ಟ್ಯಾಗ್ ಅನ್ನು ಬ್ಲಾಕ್ ಮಾಡಿಸಿ, ಯಾರ್ಡ್‌ವರೆಗಿನ ಟೋಲ್ ನಿಮ್ಮ ವಾಲೆಟ್ಟಿನಿಂದ ಯಾಕೆ ಹೋಗಬೇಕು?

ಮುಂದಿನದು ಯಾರ್ಡ್. ಗಾಡಿ ಮೈಸೂರು ಕಡೆಗೋ ಇನ್ನೆಲ್ಲಿಗೋ ಹೋಗಬಹುದು. ಬಹುಪಾಲು ಯಾರ್ಡ್‌ಗಳು ಬಯಲು. ಮಳೆಗಾಲದಲ್ಲಿ ಎರಡು ತಿಂಗಳು ನಿಂತ ಗಾಡಿಯ ಬ್ಯಾಟರಿ ಸಾಯುತ್ತದೆ, ಬ್ರೇಕ್ ಡ್ರಮ್ ಹಿಡಿದುಕೊಳ್ಳುತ್ತದೆ, ಇಲಿಗಳು ವೈರಿಂಗ್ ಕಡಿಯುತ್ತವೆ, ಸೀಟಿಗೆ ಬೂಷ್ಟು ಹಿಡಿಯುತ್ತದೆ. ಮೌಲ್ಯಮಾಪಕ ಬಂದು ನೋಡುವುದು ಆ ಸ್ಥಿತಿಯ ಗಾಡಿಯನ್ನು. ಜೊತೆಗೆ ದಿನಬಾಡಿಗೆ ಬೇರೆ ಏರುತ್ತಿರುತ್ತದೆ. ಹಾಗಾಗಿ ಒಂದು ವಾರದೊಳಗೆ ಬರಹದಲ್ಲಿ ಲೆಕ್ಕ ಕೇಳಿ: ಬಾಕಿ ಕಂತು ಎಷ್ಟು, ಮುಂದಿನ ಅಸಲು ಎಷ್ಟು, ದಂಡ ಶುಲ್ಕ ಎಷ್ಟು, ಸೀಜಿಂಗ್ ಚಾರ್ಜ್ ಎಷ್ಟು, ಯಾರ್ಡ್ ಬಾಡಿಗೆ ದಿನಕ್ಕೆ ಎಷ್ಟು. ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಬರಬೇಕು. ದಂಡದ ಮೇಲೆ ಬಡ್ಡಿ ಸೇರಿಸಿ ಬೆಳೆಸುವ ಪದ್ಧತಿಯನ್ನು ರಿಸರ್ವ್ ಬ್ಯಾಂಕಿನ 2023ರ ಆಗಸ್ಟಿನ ಸುತ್ತೋಲೆ ನಿಲ್ಲಿಸಿದೆ. ದಂಡ ಈಗ ಶುಲ್ಕವಾಗಿ ಮಾತ್ರ ಬರಬೇಕು, ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಹಳೆಯ ಸಾಫ್ಟ್‌ವೇರ್ ಲೆಕ್ಕಗಳಲ್ಲಿ ಇದು ಇನ್ನೂ ನುಸುಳಿರಬಹುದು, ಸ್ಟೇಟ್‌ಮೆಂಟ್ ತಿರುವಿ ನೋಡಿ.

ಬಾಕಿ ಕಟ್ಟಿ ಬಿಡಿಸಿಕೊಳ್ಳುವುದಾದರೆ ರಸೀದಿಯ ಜೊತೆ ರಿಲೀಸ್ ಆರ್ಡರ್ ಬೇಕು, ಅದಿಲ್ಲದೆ ಯಾರ್ಡಿನವನು ಗೇಟ್ ತೆಗೆಯುವುದಿಲ್ಲ. ನಗದು ಏಜೆಂಟನ ಕೈಗೆ ಕೊಡಬೇಡಿ.

ಸುಮ್ಮನೆ ಬಿಟ್ಟರೆ ಎಷ್ಟು ಹೋಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಪಿಕಪ್ಪಿನ ಪೂರ್ತಿ ಬಾಕಿ ₹4,60,000. ನೀವೇ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಗಿರಾಕಿ ಹುಡುಕಿ ಮಾರಿದರೆ ₹3,90,000 ಸಿಗುತ್ತದೆ ಎಂದಿಟ್ಟುಕೊಳ್ಳಿ. ಕೈಯಿಂದ ಹಾಕಬೇಕಾದ್ದು ₹70,000. ಅದೇ ಗಾಡಿ ಸೀಜ್ ಆಗಿ, ಸೀಜಿಂಗ್ ಚಾರ್ಜ್ ₹12,000, ದಿನಕ್ಕೆ ₹100ರಂತೆ 45 ದಿನಕ್ಕೆ ಯಾರ್ಡ್ ಬಾಡಿಗೆ ₹4,500 ಸೇರಿ ಬಾಕಿ ₹4,76,500 ಆಯಿತು, ಹರಾಜಿನಲ್ಲಿ ₹3,20,000 ಬಂತು. ಉಳಿದ ಬಾಕಿ ₹1,56,500. ವ್ಯತ್ಯಾಸ ₹86,500. ಇದರಲ್ಲಿ ಬಡ್ಡಿ ಸೇರಿಸಿಲ್ಲ. ಸೀಜ್ ಆದ ಮೇಲೂ, ಹರಾಜಿಗೆ ಮೊದಲು, ಹೆಚ್ಚಿನ ಬೆಲೆ ಕೊಡುವ ಗಿರಾಕಿಯನ್ನು ನೀವೇ ಕರೆತರಬಹುದು. ಹೆಸರು, ಬೆಲೆ ಬರೆದು ಇಮೇಲ್ ಹಾಕಿ. ಅವರು ತಿರಸ್ಕರಿಸಿ ಕಡಿಮೆಗೆ ಮಾರಿದರೆ, ಮುಂದೆ ಕೊರತೆಯ ಹಣ ಕೇಳಿದಾಗ ಆ ಇಮೇಲ್ ನಿಮ್ಮ ಪರವಾಗಿ ಮಾತಾಡುತ್ತದೆ. ಮಾರಾಟದಿಂದ ಬಾಕಿಗಿಂತ ಹೆಚ್ಚು ಬಂದರೆ ಆ ಹಣ ನಿಮ್ಮದು. ಅವರಾಗಿಯೇ ಬಂದು ಕೊಡುತ್ತಾರೆ ಎಂದು ಕಾಯಬೇಡಿ, ಮಾರಾಟದ ದರ ಮತ್ತು ಮೌಲ್ಯಮಾಪನದ ವರದಿ ಎರಡನ್ನೂ ಕೇಳಿ ತೆಗೆದುಕೊಳ್ಳಿ.

ಆರ್‌ಸಿ ಕೊಡದೆ ಇಟ್ಟುಕೊಂಡರೆ ಮಾರಲು ಆಗುವುದಿಲ್ಲ ಎಂಬ ನಂಬಿಕೆಯೂ ಇದೆ. ಆಗುತ್ತದೆ. ಮೋಟಾರು ವಾಹನ ಕಾಯ್ದೆಯ 51(5)ರಡಿ ಸಾಲ ಕೊಟ್ಟವರು ಫಾರಂ 36ರಲ್ಲಿ ಅರ್ಜಿ ಹಾಕುತ್ತಾರೆ, ಆರ್‌ಟಿಒ ಫಾರಂ 37ರಲ್ಲಿ ನಿಮಗೆ ನೋಟಿಸು ಕೊಡುತ್ತದೆ, ನೀವು ಉತ್ತರಿಸದಿದ್ದರೆ ಹಳೆಯ ಆರ್‌ಸಿ ರದ್ದಾಗಿ ಅವರ ಹೆಸರಿಗೆ ಹೊಸದು ಬರುತ್ತದೆ. ಬಾಕಿಯ ಲೆಕ್ಕದಲ್ಲಿ ತಕರಾರಿದ್ದರೆ ಆ ಫಾರಂ 37ರ ಉತ್ತರದಲ್ಲಿ ಬರೆಯಬೇಕು. ತಕರಾರು ಇಲ್ಲದಿದ್ದರೆ ಹೆಸರು ಬೇಗ ಬದಲಾಗುವುದೇ ನಿಮಗೂ ಒಳ್ಳೆಯದು. ಹರಾಜಿನಲ್ಲಿ ಕೊಂಡವನು ವರ್ಷಗಟ್ಟಲೆ ನಿಮ್ಮ ಹೆಸರಿನಲ್ಲೇ ಓಡಿಸುತ್ತಿದ್ದರೆ ದಂಡದ ಚಲನ್, ತೆರಿಗೆ ಬಾಕಿ, ಕೊನೆಗೆ ಅಪಘಾತದ ಸಮನ್ಸೂ ನಿಮ್ಮ ಮನೆಗೆ. ಗಾಡಿ ಯಾವ ದಿನ ಯಾರ ಕೈಸೇರಿತು ಎಂಬ ಕಾಗದವನ್ನು ಸಾಲ ತೀರಿದ ಮೇಲೂ ಬಿಸಾಡಬೇಡಿ.

ಕೊರತೆಯ ಹಣಕ್ಕೆ ಮೂರು ಕಡೆಯಿಂದ ಬರುತ್ತಾರೆ. ಮೊದಲನೆಯದು ಸಾಲ ಕೊಡುವಾಗ ತೆಗೆದುಕೊಂಡ ಚೆಕ್. ಅದನ್ನು ಹಾಕಿ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್‌ನ ನೋಟಿಸು, ನೋಟಿಸು ತಲುಪಿದ 15 ದಿನದೊಳಗೆ ಕಟ್ಟದಿದ್ದರೆ ಮೊಕದ್ದಮೆ. ಚೆಕ್ ಇಲ್ಲದೆ ಖಾತೆಯಿಂದ ಆಟೋಮ್ಯಾಟಿಕ್ ಕಡಿತ ಕೊಟ್ಟಿದ್ದರೂ ತಪ್ಪಿಸಿಕೊಂಡ ಹಾಗಲ್ಲ, ಪಾವತಿ ವ್ಯವಸ್ಥೆಗಳ 2007ರ ಕಾಯ್ದೆಯ 25ನೇ ಸೆಕ್ಷನ್ ಅದಕ್ಕೂ ಅದೇ ಶಿಕ್ಷೆ ಇಟ್ಟಿದೆ. ಎರಡನೆಯದು ಮಧ್ಯಸ್ಥಿಕೆ. ಚೆನ್ನೈಯಿಂದಲೋ ಮುಂಬೈಯಿಂದಲೋ ಒಂದು ಇಂಗ್ಲಿಷ್ ನೋಟಿಸು ಬರುತ್ತದೆ, ಅಷ್ಟು ದೂರ ಯಾರು ಹೋಗುವುದೆಂದು ಜನ ಕಪಾಟಿನ ಮೇಲೆ ಇಟ್ಟುಬಿಡುತ್ತಾರೆ. ಏಕಪಕ್ಷೀಯ ಐತೀರ್ಪು (ಮಧ್ಯಸ್ಥನ ತೀರ್ಪು) ಬಂದು ಅದು ಡಿಕ್ರಿಯಂತೆ ಜಾರಿಯಾಗುತ್ತದೆ, ಆಗ ಅಮೀನ ಬರುವುದು ಮನೆಗೆ. ಸಾಲ ಕೊಟ್ಟವರೇ ಒಬ್ಬಂಟಿಯಾಗಿ ಮಧ್ಯಸ್ಥನನ್ನು ನೇಮಿಸುವುದು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟಿನ 2019ರ ತೀರ್ಪಿನ ಆಧಾರದಲ್ಲಿ ತಕರಾರು ತೆಗೆಯಬಹುದು. ಅಂಚೆಯಲ್ಲಿ ಒಂದು ಪತ್ರ ಹಾಕಿದರೂ ಸಾಕು, ಮೌನ ಮಾತ್ರ ಬೇಡ. ಐತೀರ್ಪು ಕೈಗೆ ಬಂದ ಮೇಲೆ ಅದನ್ನು ಪ್ರಶ್ನಿಸಲು ಇರುವುದು ಮೂರು ತಿಂಗಳು, ಸಕಾರಣವಿದ್ದರೆ ಇನ್ನು 30 ದಿನ. ಮೂರನೆಯದು ಜಾಮೀನುದಾರ. ಪಕ್ಕದ ಮನೆಯವರೋ ಭಾವನೋ ಸಹಿ ಹಾಕಿರುತ್ತಾರೆ, ಅವರ ಹೊಣೆ ನಿಮ್ಮಷ್ಟೇ. ಸೀಜ್ ಆದ ವಿಷಯವನ್ನು ಅವರಿಗೆ ಮೊದಲು ಹೇಳಬೇಕಾದವರು ನೀವು.

ಗಾಡಿ ಬಿಟ್ಟು ತೋಟಕ್ಕೆ ಬಂದರೆ ಕಾನೂನೇ ಬೇರೆ. ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆ ಸ್ವಾಧೀನಕ್ಕೆ ತೆಗೆದುಕೊಳ್ಳಲು ಬ್ಯಾಂಕುಗಳಿಗೆ ದಾರಿ ಕೊಟ್ಟದ್ದು 2002ರ ಸರ್ಫೇಸಿ ಕಾಯ್ದೆ. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫೈನಾನ್ಸ್ ಕಂಪನಿಗಳಾದರೆ ₹20 ಲಕ್ಷಕ್ಕಿಂತ ಕಡಿಮೆಯ ಸಾಲಕ್ಕೆ ಇದನ್ನು ಬಳಸುವಂತಿಲ್ಲ. ಬಾಕಿ ₹1 ಲಕ್ಷ ಮೀರದಿದ್ದರೆ, ಅಥವಾ ಅಸಲು ಬಡ್ಡಿ ಸೇರಿದ ಮೊತ್ತದ ಶೇ 20ಕ್ಕಿಂತ ಕಡಿಮೆ ಉಳಿದಿದ್ದರೆ ಯಾರೂ ಬಳಸುವಂತಿಲ್ಲ.

ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಮುಖ್ಯವಾದ್ದು ಆ ಕಾಯ್ದೆಯ 31(ಐ). ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಸರ್ಫೇಸಿ ಇಲ್ಲ ಎಂದು ಅದು ಹೇಳುತ್ತದೆ. ಕಾಫಿ ತೋಟ ಕೃಷಿ ಭೂಮಿಯೇ ಎಂದು ಬೆಳೆಗಾರ ಕೇಳಿದರೆ ನಗು ಬರಬಹುದು. ಬ್ಯಾಂಕಿನ ವಕೀಲರು ನಗುವುದಿಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆ ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಟೀ ಇವನ್ನು ಪ್ಲಾಂಟೇಷನ್ ಬೆಳೆ ಎಂದು ಬೇರೆ ಇಟ್ಟಿದೆ, 104ನೇ ಸೆಕ್ಷನ್ ಅವಕ್ಕೆ ಭೂಮಿತಿಯಿಂದ ವಿನಾಯಿತಿ ಕೊಟ್ಟಿದೆ. ಅಲ್ಲಿ ಪ್ಲಾಂಟೇಷನ್ ಎಂದು ವಿನಾಯಿತಿ ತೆಗೆದುಕೊಂಡವರು ಇಲ್ಲಿ ಕೃಷಿ ಎಂದು ಹೇಗೆ ಹೇಳುತ್ತೀರಿ ಎಂಬುದು ಬ್ಯಾಂಕಿನ ವಾದ. ಬೆಳೆಗಾರರ ಸಂಘಟನೆಗಳು ಕಾಫಿಯನ್ನು ಸರ್ಫೇಸಿಯಿಂದ ಹೊರಗಿಡಿ ಎಂದು ಕೇಳುತ್ತಲೇ ಇವೆ. ನನ್ನ ಮಟ್ಟಿಗೆ ಬ್ಯಾಂಕಿನ ವಾದ ಜಾಣತನದ್ದು, ನ್ಯಾಯದ್ದಲ್ಲ: ಬೆಳೆ ನಷ್ಟವಾದಾಗ, ಮಳೆ ಕೈಕೊಟ್ಟಾಗ ಅದೇ ತೋಟವನ್ನು ಬ್ಯಾಂಕೂ ಸರ್ಕಾರವೂ ಕೃಷಿ ಎಂದೇ ಲೆಕ್ಕ ಹಾಕುತ್ತವೆ. ಆದರೆ ಅಭಿಪ್ರಾಯದಿಂದ ತೋಟ ಉಳಿಯುವುದಿಲ್ಲ. ಪಹಣಿಯಲ್ಲಿ ಕೃಷಿ ಎಂದಿದ್ದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ, ಅಡಮಾನ ಮಾಡಿದಾಗ ಆ ನೆಲ ನಿಜವಾಗಿ ಯಾವುದಕ್ಕೆ ಬಳಕೆಯಲ್ಲಿತ್ತು ಎಂಬುದನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಸಾಕ್ಷ್ಯ ಕೂಡಿಸಬೇಕು: ಪಹಣಿಯ ಬೆಳೆ ಕಾಲಂ, ಕಾಫಿ ಮಾರಿದ ಬಿಲ್ಲುಗಳು, ಗೊಬ್ಬರದ ಬಿಲ್ಲು, ಕೆಲಸಗಾರರ ಕೂಲಿ ಪುಸ್ತಕ, ಬೆಳೆ ಸಾಲವೆಂದು ತೋರಿಸುವ ಮಂಜೂರಾತಿ ಪತ್ರ. ತೋಟದೊಳಗೆ ರೆಸಾರ್ಟ್ ಕಟ್ಟಿ ಅದಕ್ಕೇ ಸಾಲ ತೆಗೆದಿದ್ದರೆ ಈ ವಾದ ಬಹಳ ದುರ್ಬಲ.

ಸರ್ಫೇಸಿಯ ಕ್ರಮ ಹೀಗಿದೆ. ಖಾತೆ ಎನ್‌ಪಿಎ ಆದ ಮೇಲೆ 13(2)ರ ನೋಟಿಸು ಬರುತ್ತದೆ, ಕಟ್ಟಲು 60 ದಿನ. ಈ ನೋಟಿಸಿಗೆ ಆಕ್ಷೇಪಣೆ ಬರೆದರೆ ಬ್ಯಾಂಕ್ 15 ದಿನದಲ್ಲಿ ಕಾರಣ ಸಮೇತ ಉತ್ತರಿಸಬೇಕು. ಬರೆಯುವವರು ಕಡಿಮೆ. ‘ಕಷ್ಟದಲ್ಲಿದ್ದೇವೆ, ಸಮಯ ಕೊಡಿ’ ಎಂದಷ್ಟೇ ಬರೆದರೆ ಅದು ಆಕ್ಷೇಪಣೆ ಅಲ್ಲ, ಬಾಕಿ ಒಪ್ಪಿಕೊಂಡ ಹಾಗೆ. ಸರ್ವೆ ನಂಬರ್ ಹಾಕಿ ಭೂಮಿ ಕೃಷಿಯದು ಎಂದು, ಎನ್‌ಪಿಎ ದಿನಾಂಕ ತಪ್ಪಿದ್ದರೆ ಅದನ್ನು, ಬಡ್ಡಿ ಲೆಕ್ಕದ ದೋಷವನ್ನು, ಬೆಳೆ ಹಂಗಾಮಿನ ಅಳತೆ ಹಾಕಿಲ್ಲವೆಂಬುದನ್ನು ಒಂದೊಂದಾಗಿ ಬರೆಯಿರಿ. ಸಮಯ ಕೇಳುವುದು ಕೊನೆಯ ಪ್ಯಾರಾದಲ್ಲಿ ಬರಲಿ. ಬ್ಯಾಂಕ್ ತನ್ನ ಅಡಮಾನವನ್ನು ಸೆರ್ಸಾಯ್‌ನಲ್ಲಿ, ಅಂದರೆ ಅಡಮಾನಗಳ ಕೇಂದ್ರ ನೋಂದಣಿಯಲ್ಲಿ, ನೋಂದಾಯಿಸಿದೆಯೇ ಎಂದೂ ಹುಡುಕಿಸಿ. 2020ರ ಜನವರಿಯಿಂದ, ನೋಂದಣಿ ಇಲ್ಲದೆ ಈ ಕಾಯ್ದೆಯ ಬಲ ಬಳಸುವಂತಿಲ್ಲ.

ನೋಟಿಸು ಕೈಗೆ ಬಂದ ದಿನದಿಂದ 13(13) ಅನ್ವಯ: ಮಾಮೂಲು ವ್ಯವಹಾರದ ಹೊರತಾಗಿ ಆ ಆಸ್ತಿಯನ್ನು ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವುದು, ಗುತ್ತಿಗೆ ಕೊಡುವುದು ಇಲ್ಲ. ಹಣ್ಣು ಕೊಯ್ದು ಮಾರುವುದು ಮಾಮೂಲು ವ್ಯವಹಾರ ಎಂದು ಹೇಳಬಹುದು. ಆದರೆ ಹಣದ ಅವಸರಕ್ಕೆ ಮೆಣಸನ್ನು ಮೂರು ವರ್ಷಕ್ಕೆ ಒಟ್ಟಿಗೆ ಗುತ್ತಿಗೆ ಬರೆದುಕೊಡುವುದು, ಸಿಲ್ವರ್ ಓಕ್ ಸಾಲುಸಾಲಾಗಿ ಕಡಿಸುವುದು ಹೊಸ ತೊಂದರೆ ತರುತ್ತದೆ. ಗುತ್ತಿಗೆ ಹಿಡಿದವನ ದುಡ್ಡೂ ಸಿಕ್ಕಿಹಾಕಿಕೊಳ್ಳುತ್ತದೆ.

60 ದಿನ ಕಳೆದ ಮೇಲೆ 13(4)ರ ಸ್ವಾಧೀನ. ಮೊದಲು ಬರುವುದು ಸಾಂಕೇತಿಕ ಸ್ವಾಧೀನ: ಗೇಟಿಗೋ ಮನೆ ಗೋಡೆಗೋ ನೋಟಿಸು ಅಂಟಿಸಿ, 7 ದಿನದೊಳಗೆ ಎರಡು ಪತ್ರಿಕೆಗಳಲ್ಲಿ, ಒಂದು ಕನ್ನಡದ್ದರಲ್ಲಿ, ಪ್ರಕಟಿಸುತ್ತಾರೆ. ತೋಟ ಆಗಲೂ ನಿಮ್ಮ ಕೈಯಲ್ಲೇ ಇರುತ್ತದೆ, ಕೊಯ್ಲೂ ನಿಮ್ಮದೇ. ಹೀಗಾಗಿ ಏನೂ ಆಗಿಲ್ಲವೆಂದು ಜನ ತಿಳಿಯುತ್ತಾರೆ. ಆದರೆ ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿಗೆ) ಹೋಗಲು ಇರುವ 45 ದಿನದ ಗಡುವು ಓಡಲು ಶುರುವಾಗುವುದು ಅಲ್ಲಿಂದಲೇ. ನಿಜವಾದ ಸ್ವಾಧೀನಕ್ಕೆ ಬ್ಯಾಂಕ್ 14ನೇ ಸೆಕ್ಷನ್‌ನಡಿ ಜಿಲ್ಲಾಧಿಕಾರಿಯವರ ಬಳಿ, ಅಥವಾ 2019ರ ತೀರ್ಪಿನ ನಂತರ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಬಳಿಯೂ, ಒಂಬತ್ತು ಅಂಶಗಳ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕುತ್ತದೆ. ಆದೇಶಕ್ಕೆ 30 ದಿನ, ಕಾರಣ ಬರೆದು 60ರವರೆಗೆ. ಸ್ವಾಧೀನ ತೆಗೆದುಕೊಂಡ ಮೇಲೆ ಬ್ಯಾಂಕಿನ ಅಧಿಕಾರಿ ಆಸ್ತಿಯನ್ನು ಒಬ್ಬ ವಿವೇಕಿ ಮಾಲೀಕ ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ನೋಡಿಕೊಳ್ಳಬೇಕು ಎಂದು ನಿಯಮ 8(3) ಹೇಳುತ್ತದೆ. ಕಾಫಿ ತೋಟದ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಹೂಮಳೆ ಬಾರದಿದ್ದರೆ ನೀರು ಹಾಯಿಸಬೇಕು, ಕಳೆ ತೆಗೆಸಬೇಕು, ಹಣ್ಣು ಸಮಯಕ್ಕೆ ಕೊಯ್ಸಬೇಕು, ಇಲ್ಲವಾದರೆ ಉದುರಿ ಹೋಗುವುದಲ್ಲದೆ ಕಾಯಿಕೊರಕಕ್ಕೆ ಮನೆಯಾಗುತ್ತದೆ. ಬೀಗ ಹಾಕಿ ಹೋಗಲು ಅದು ಗೋದಾಮಲ್ಲ. ಲೈನ್ ಮನೆಗಳಲ್ಲಿ ಇರುವ ಕೆಲಸಗಾರರ ವಿವರವನ್ನೂ, ಗಿಡದ ಮೇಲಿರುವ ಫಸಲಿನ ಅಂದಾಜನ್ನೂ ಸ್ವಾಧೀನದ ದಿನದ ಮಹಜರಿನಲ್ಲಿ ಬರೆಸಿ.

ಜಮ್ಮಾ ಬಾಣೆಯಾದರೆ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಕೊಡಗಿನ ಭೂಮಿಯಾದರೆ, ಇನ್ನೊಂದು ಸುತ್ತು. ಪಹಣಿಯಲ್ಲಿ ಪಟ್ಟೆದಾರರ ಹೆಸರು, ಸಾಗು ಮಾತ್ರ ಒಕ್ಕದ (ಮನೆತನದ) ಬೇರೆ ಬೇರೆ ಮನೆಯವರದು. ಒಬ್ಬರು ತಮ್ಮ ಪಾಲೆಂದು ಅಡಮಾನ ಇಟ್ಟ ಜಾಗದಲ್ಲಿ ಉಳಿದವರ ಹಕ್ಕೂ ಸಿಕ್ಕಿಕೊಂಡಿರಬಹುದು. ಸಾಲ ತೆಗೆಯದ ಪಾಲುದಾರರು ಸಿವಿಲ್ ಕೋರ್ಟಿಗೆ ಓಡುತ್ತಾರೆ, ಅಲ್ಲಿ ಸಿವಿಲ್ ಕೋರ್ಟ್ ಇಂಥದ್ದನ್ನು ಕೇಳುವಂತಿಲ್ಲ ಎನ್ನುವ ಸರ್ಫೇಸಿಯ 34ನೇ ಸೆಕ್ಷನ್ ಅಡ್ಡ ಬರುತ್ತದೆ. 17ನೇ ಸೆಕ್ಷನ್‌ನಡಿ ‘ಬಾಧಿತನಾದ ಯಾವುದೇ ವ್ಯಕ್ತಿ’ ಡಿಆರ್‌ಟಿಗೆ ಹೋಗಬಹುದು, ಅದೇ 45 ದಿನದೊಳಗೆ. ಡಿಆರ್‌ಟಿ ಇರುವುದು ಬೆಂಗಳೂರಿನಲ್ಲಿ, ಮಡಿಕೇರಿಯಿಂದ ಸುಮಾರು 250 ಕಿಲೋಮೀಟರ್. ಪತ್ರಿಕೆಯ ಪ್ರಕಟಣೆ ಕಣ್ಣಿಗೆ ಬಿದ್ದ ವಾರದಲ್ಲೇ ಪಾಲಿನ ಪತ್ರಗಳನ್ನು ಹುಡುಕಲು ಕೂರಬೇಕು. ಹಳೆಯ ಪೆಟ್ಟಿಗೆ ತೆಗೆದು ನೋಡುವುದರಲ್ಲೇ ಅರ್ಧ ಗಡುವು ಮುಗಿದಿರುತ್ತದೆ.

ಮಾರಾಟಕ್ಕೆ ಮೊದಲು ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಮೀಸಲು ದರ ನಿಗದಿಪಡಿಸಬೇಕು, 30 ದಿನದ ನೋಟಿಸು ಕೊಡಬೇಕು. ಮೊದಲ ಹರಾಜು ವಿಫಲವಾದರೆ ಮುಂದಿನದಕ್ಕೆ 15 ದಿನ ಸಾಕು. ಗೆದ್ದವರು ಶೇ 25ನ್ನು ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು, ಉಳಿದದ್ದನ್ನು ಮಾರಾಟ ಖಾಯಂ ಆದ 15 ದಿನದಲ್ಲಿ. ಹಿಂದೆಲ್ಲ ಹರಾಜಿನ ಕೊನೆ ಗಳಿಗೆಯವರೆಗೂ ಪೂರ್ತಿ ಹಣ ಕಟ್ಟಿ ಆಸ್ತಿ ಬಿಡಿಸಿಕೊಳ್ಳಬಹುದಿತ್ತು. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜಿನ ನೋಟಿಸು ಪ್ರಕಟವಾಗುವವರೆಗೆ ಮಾತ್ರ. ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಗಟ್ಟಿಮಾಡಿತು. ‘ಹರಾಜಿನ ಹಿಂದಿನ ದಿನ ಹೇಗಾದರೂ ಹೊಂದಿಸುತ್ತೇನೆ’ ಎಂಬ ಲೆಕ್ಕಾಚಾರ ಈಗ ನಡೆಯುವುದಿಲ್ಲ. ತೋಟದ ಒಂದು ತುಂಡು ಮಾರಿ ಉಳಿದದ್ದನ್ನು ಉಳಿಸಿಕೊಳ್ಳುವ ಯೋಚನೆ ಇದ್ದರೆ ಅದು 13(2)ರ ನೋಟಿಸಿನ ಹಂತದಲ್ಲೇ, ಬ್ಯಾಂಕಿನ ಲಿಖಿತ ಒಪ್ಪಿಗೆಯೊಂದಿಗೆ ನಡೆಯಬೇಕು.

ಗಾಡಿಯಾಗಲಿ ತೋಟವಾಗಲಿ, ಲೆಕ್ಕ ಅಥವಾ ನಡವಳಿಕೆಯ ದೂರಿದ್ದರೆ ಮೊದಲು ಸಾಲ ಕೊಟ್ಟವರ ದೂರು ವಿಭಾಗಕ್ಕೆ ಬರೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ.

ಪೂರ್ತಿ ಹಣ ಕಟ್ಟಿ ಮುಗಿಸಿದವರು ಬಾಕಿ ಇಲ್ಲ ಎಂಬ ಪತ್ರ, ಫಾರಂ 35, ಹಾಕದೆ ಉಳಿದ ಚೆಕ್ಕುಗಳು, ಅಡಮಾನ ಇಟ್ಟ ಮೂಲ ಪತ್ರಗಳು ಇವನ್ನು ಕೇಳಿ ಪಡೆಯಿರಿ. ಆಸ್ತಿ ಪತ್ರಗಳನ್ನು 30 ದಿನದೊಳಗೆ ಕೊಡದೆ ಸಾಲ ಕೊಟ್ಟವರ ತಪ್ಪಿನಿಂದಲೇ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಎಚ್‌ಪಿ ಆರ್‌ಸಿಯಿಂದ ನಿಜವಾಗಿ ತೆಗೆದಿದೆಯೇ, ತೋಟದ ಪಹಣಿಯ ಋಣದ ಕಾಲಂನಿಂದ ಬ್ಯಾಂಕಿನ ಹೆಸರು ಹೋಗಿದೆಯೇ ಎಂದು ತಿಂಗಳು ಬಿಟ್ಟು ಆನ್‌ಲೈನಿನಲ್ಲಿ ಒಮ್ಮೆ ನೋಡಿ, ಹೋಗಿರದಿದ್ದರೆ ಬಾಕಿ ಇಲ್ಲದ ಪತ್ರ ಹಿಡಿದು ಆರ್‌ಟಿಒ ಅಥವಾ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ.